ಫಾರ್ಮ್ 9ರ ಮಹಿಮೆ

ಬೆಳಗಾವಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ಗೇಟಿಗೆ ಮೊನ್ನೆ ಫ್ಲೆಕ್ಸ್ ಬಿದ್ದಿತ್ತು. ‘ಕೃತಕ ಬುದ್ಧಿಮತ್ತೆ ಆಧಾರಿತ ಜೋಳದ ರೊಟ್ಟಿ ಯಂತ್ರಕ್ಕೆ ಪೇಟೆಂಟ್, ಹಾರ್ದಿಕ ಅಭಿನಂದನೆಗಳು.’ ನಮ್ಮ ಪ್ರೊಫೆಸರ್ ಸಾಹೇಬರಿಗೆ ಇದು 11ನೆಯದು. ಹಿಂದಿನ ಹತ್ತೂ ಫ್ರೇಮು ಹಾಕಿಸಿಕೊಂಡು ಗೋಡೆ ಮೇಲಿವೆ.

“ಯಂತ್ರ ಒಮ್ಮೆ ನೋಡ್ಬೇಕಿತ್ರಿ ಸರ್” ಅಂದೆ.

“ಪೇಟೆಂಟ್ ಐತಲ್ರೀ, ಯಂತ್ರ ಯಾಕ?”

ಪೇಟೆಂಟೂ ಇರಲಿಲ್ಲ, ಇದ್ದದ್ದು ಬರೀ ಅರ್ಜಿ, ಆ ಮಾತು ಬೇರೆ. ಚೆನ್ನೈನ ಪೇಟೆಂಟ್ ಕಚೇರಿಗೆ ಅರ್ಜಿ ಹಾಕಿ ಸುಮ್ಮನೆ ಕೂತರೂ 18 ತಿಂಗಳಿಗೆ ಅದು ಸರ್ಕಾರಿ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಅವಸರವಿದ್ದರೆ ಫಾರ್ಮ್ 9 ಹಾಕಬೇಕು, ತಿಂಗಳೊಪ್ಪತ್ತಿನಲ್ಲಿ ಕೆಲಸ ಮುಗಿಯಿತು. ಒಬ್ಬ ಪರೀಕ್ಷಕನೂ ಅದನ್ನು ಬಿಚ್ಚಿ ನೋಡಿರುವುದಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರಂತೆ. ನಮ್ಮಲ್ಲಿ ಕುಲಾವಿಗೇ ಹೆಸರಿಟ್ಟು ಕುಂದಾ ಹಂಚುತ್ತಾರೆ. ಪರೀಕ್ಷಿಸಿರಪ್ಪಾ ಎಂದು ಕೇಳಲು ಫಾರ್ಮ್ 18 ಬೇರೆಯೇ ಇದೆ. 31 ತಿಂಗಳೊಳಗೆ ಅದನ್ನು ಹಾಕದಿದ್ದರೆ ಅರ್ಜಿ ಹಿಂದಕ್ಕೆ ಪಡೆದಂತೆ ಲೆಕ್ಕ. ಪಡೆಯಲಿ ಬಿಡಿ, ಅಷ್ಟರಲ್ಲಿ ಸಾಹೇಬರಿಗೆ ಪ್ರಮೋಷನ್ ಆಗಿರುತ್ತದೆ. ಕಾಲೇಜುಗಳಿಗೆ ಕೇಂದ್ರ ಸರ್ಕಾರ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲಿ ಬರೀ ಪ್ರಕಟವಾದದ್ದಕ್ಕೂ ಅಂಕ ಬೀಳುತ್ತದೆ. ಮೇಲಾಗಿ 2021ರಿಂದ ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ ಶೇ 80 ರಿಯಾಯಿತಿ. ಆಷಾಢದ ಸೇಲಿನಲ್ಲಿ ಸೀರೆ ಅಂಗಡಿಯವನೂ ಇಷ್ಟು ಬಿಡುವುದಿಲ್ಲ.

ರೊಟ್ಟಿ ಯಂತ್ರಕ್ಕೆ ಒಟ್ಟು ಎಂಟು ಮಂದಿ ಸಂಶೋಧಕರು. ಐದು ರಾಜ್ಯದವರು, ಒಬ್ಬರ ಮುಖ ಇನ್ನೊಬ್ಬರು ಕಂಡಿಲ್ಲ. ವಾಟ್ಸಾಪ್‌ನಲ್ಲಿ ‘ಆರನೇ ಹೆಸರು ಖಾಲಿ ಐತಿ’ ಎಂದು ಮೆಸೇಜು ಬಂದೊಡನೆ ಬಸ್ಸಿನ ಕಿಟಕಿಯಿಂದ ಟವೆಲ್ ಒಗೆದಂತೆ ದುಡ್ಡು ಒಗೆದು ಸೀಟು ಹಿಡಿದವರು. ಅದರಲ್ಲಿ ಮೂವರು ಜೋಳದ ರೊಟ್ಟಿ ತಿಂದವರೇ ಅಲ್ಲ.

ನಿಜವಾಗಿ ಪೇಟೆಂಟ್ ಸಿಕ್ಕವರು ಫಾರ್ಮ್ 27 ತುಂಬಬೇಕು: ನಿಮ್ಮ ಆವಿಷ್ಕಾರ ದೇಶದಲ್ಲಿ ಬಳಕೆಗೆ ಬಂದಿದೆಯೇ, ಬರದಿದ್ದರೆ ಯಾಕೆ? ಈ ಮುಜುಗರದ ಪ್ರಶ್ನೆಯಿಂದ ಸಾಹೇಬರು 11 ಸಲ ಪಾರಾಗಿದ್ದಾರೆ.

ಆದರೂ ‘ಸಂಶೋಧನೆ ಮಾರುಕಟ್ಟೆಗೆ’ ಎಂಬ ವಿಚಾರಗೋಷ್ಠಿ ಮಾಡಬೇಕಲ್ಲ, ಮಾಡಿದರು. ಉದ್ಯಮ ತಜ್ಞರಾಗಿ ಊರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಬ್ಬ ಮಿಸ್ತ್ರಿಯನ್ನು ಕರೆಸಿದರು. ಈತ ವೆಲ್ಡಿಂಗ್ ಹೊಗೆಯಲ್ಲೇ ರೊಟ್ಟಿ ಯಂತ್ರ ಮಾಡಿ ಸುತ್ತಲಿನ ಖಾನಾವಳಿಗಳಿಗೆ ಮಾರುವವ. ಕಾಗದ ಅಂದರೆ ಅವನ ಬಳಿ ಇರುವುದು ಬಿಲ್ ಬುಕ್ಕು ಒಂದೇ. ಶಾಲು ಹೊದಿಸಿ, ಹಾರ ಹಾಕಿ, ಪರದೆಯ ಮೇಲೆ ಸಾಹೇಬರ ನಕ್ಷೆ ತೋರಿಸಿದರು. ಮಿಸ್ತ್ರಿ ಬಹಳ ಹೊತ್ತು ಕತ್ತು ವಾಲಿಸಿ ನೋಡಿದ.

“ಇದು ನಮ್ಮ ಮಷೀನಿಂದ ಫೋಟೊ ನೋಡಿ ಬರದಂಗ ಐತ್ರಿ. ಆದ್ರ ಮೋಟಾರ್ ಉಲ್ಟಾ ಕುಂತೈತಿ. ಇದನ್ನ ಚಾಲೂ ಮಾಡಿದ್ರ ರೊಟ್ಟಿ ಒಳಗ ಹೋಗಿ ಹಿಟ್ಟು ಹೊರಗ ಬರ್ತೈತ್ರಿ ಸಾಹೇಬ್ರ.”

ಸಭೆ ಗಪ್‌ಚಿಪ್. ಸಾಹೇಬರು ಮಾತ್ರ ಜೇಬಿನ ಪೆನ್ನು ತೆಗೆದರು.

“ತಡೀರಿ, ತಡೀರಿ. ಇಂಥಾದ್ದು ಜಗತ್ತಿನ್ಯಾಗ ಯಾರೂ ಮಾಡಿಲ್ಲ. ಇದಕ್ಕ ಬ್ಯಾರೇನ ಫಾರ್ಮ್ 9 ಹಾಕೂಣು.”