ಕುದುರೆಯಿಂದ ಬಿದ್ದ ಕೂಡಲೇ ಮತ್ತೆ ಹತ್ತಲೇಬೇಕೇ? ಒಂದು ಸ್ಪಷ್ಟನೆ

"ಬಿದ್ದ ತಕ್ಷಣ ಮತ್ತೆ ಕುದುರೆ ಹತ್ತಿ, ಇಲ್ಲದಿದ್ದರೆ ಭಯ ಜೀವನಪೂರ್ತಿ ಉಳಿಯುತ್ತದೆ" ಎಂಬ ಮಾತು ಸವಾರಿ ಕಲಿಯುವವರ ನಡುವೆ ಓಡಾಡುತ್ತಲೇ ಇದೆ. ಇದು ಸರಿಯಲ್ಲ. ತಲೆಗೆ ಪೆಟ್ಟಾಗಿದ್ದರೆ ಅಪಾಯವೂ ಹೌದು.

ಮಿದುಳು ಅಲುಗಿ ಆಗುವ ಪೆಟ್ಟು, ಅಂದರೆ ಕನ್‌ಕಶನ್, ಹಲವು ಸಲ ಆ ಕ್ಷಣಕ್ಕೆ ಗೊತ್ತೇ ಆಗುವುದಿಲ್ಲ. ತಲೆನೋವು, ವಾಕರಿಕೆ, ಮಂಕು ಕೆಲವು ಗಂಟೆ ಬಿಟ್ಟು ಶುರುವಾಗಬಹುದು. ಅನುಮಾನ ಬಂದರೂ ಸಾಕು, ಆ ದಿನ ಮತ್ತೆ ಕಣಕ್ಕಿಳಿಯಬಾರದು ಅನ್ನುವುದು ಕ್ರೀಡಾ ವೈದ್ಯರ ಒಮ್ಮತ. ಅಂತರರಾಷ್ಟ್ರೀಯ ಜಂಪಿಂಗ್ ಸ್ಪರ್ಧೆಯಲ್ಲೂ ಸವಾರ ಬಿದ್ದರೆ ಆ ಸುತ್ತು ಅಲ್ಲಿಗೇ ಮುಗಿಯಿತು. ನುರಿತವರಿಗೇ ಹೀಗಿರುವಾಗ ಹೊಸಬರನ್ನು ಯಾಕೆ ದೂಡಬೇಕು? ಪೆಟ್ಟು ತಿಂದ ಹೆಲ್ಮೆಟ್ಟನ್ನೂ ಬದಲಿಸಿ, ಹೊರಗೆ ಬಿರುಕು ಕಾಣದಿದ್ದರೂ.

ಆ ಮಾತಿನಲ್ಲಿ ಒಂದಿಷ್ಟು ನಿಜವಿದೆ. ತುಂಬಾ ದಿನ ಕುದುರೆಯಿಂದ ದೂರ ಉಳಿದರೆ ಭಯ ಗಟ್ಟಿಯಾಗಬಹುದು. ಆದರೆ ವಾಪಸ್ ಹೋಗುವುದು ಅಂದರೆ ಜೀನಿನ ಮೇಲೇ ಕೂರಬೇಕು ಅಂತೇನಿಲ್ಲ. ಮೊದಲು ಅದರ ಮೈ ಉಜ್ಜಿ, ಹಗ್ಗ ಹಿಡಿದು ನಡೆಸಿ. ಆಮೇಲೆ ಶಾಂತ ಸ್ವಭಾವದ ಕುದುರೆ, ಬೇಲಿ ಹಾಕಿದ ಸಣ್ಣ ಅಂಗಳ, ತರಬೇತುದಾರರ ಕೈಯಲ್ಲಿ ಉದ್ದ ಹಗ್ಗ, ಬರೀ ನಡಿಗೆ. ಎದೆ ಹೊಡೆದುಕೊಂಡರೆ ಉಸಿರನ್ನು ನಿಧಾನವಾಗಿ ಬಿಡಿ. ಉಸಿರು ಬಿಗಿ ಹಿಡಿದರೆ ಮೈ ಸೆಟೆಯುತ್ತದೆ, ಲಗಾಮು ಬಿಗಿಯಾಗುತ್ತದೆ, ಕುದುರೆಗೂ ಗಾಬರಿ.

ಬಿದ್ದದ್ದು ಯಾಕೆ ಅಂತಲೂ ನೋಡಬೇಕು, ಅಲ್ವಾ? ಜೀನಿನ ಪಟ್ಟಿ ಸಡಿಲವಿತ್ತಾ, ಕುದುರೆಗೆ ಬೆನ್ನುನೋವಿತ್ತಾ? ಅದನ್ನು ಸರಿಮಾಡದೆ ಮಕ್ಕಳನ್ನು ಅದೇ ಕುದುರೆಯ ಮೇಲೆ ಕೂರಿಸಬೇಡಿ, ದಯವಿಟ್ಟು.