ಸಾವಿರ ಗಂಟೆ ಆಡಿದೆ, ಚೆನ್ನಾಗಿಲ್ಲ

ಮದುವೆ ಮನೆಯಲ್ಲಿ ಇಂಥವರನ್ನು ನೀವೂ ನೋಡಿರುತ್ತೀರಿ. ಮೊದಲ ಪಂಕ್ತಿಯಲ್ಲೇ ಕೂತಿರುತ್ತಾರೆ. ಹೋಳಿಗೆ ಮೂರು ಸಲ ಹಾಕಿಸಿಕೊಂಡಿರುತ್ತಾರೆ. ತುಪ್ಪ ಬಡಿಸುವ ಹುಡುಗನನ್ನು ಆ ಕಡೆಯಿಂದ ಈ ಕಡೆಗೆ ಕೂಗಿ ಕರೆದಿರುತ್ತಾರೆ. ಕೈ ತೊಳೆದು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡ ಮೇಲೆ ಪಕ್ಕದವರ ಕಡೆ ವಾಲಿ ಹೇಳುತ್ತಾರೆ, "ಅಡುಗೆ ಅಷ್ಟಕ್ಕಷ್ಟೇ."

ಆದರೆ ಮದುವೆ ಮನೆಯಲ್ಲಿ ಒಂದು ಅನುಕೂಲ ಇದೆ. ಯಾರು ಎಷ್ಟು ಹೋಳಿಗೆ ತಿಂದರು ಅಂತ ಅವರ ಹಣೆ ಮೇಲೆ ಬರೆದಿರುವುದಿಲ್ಲ. ಸ್ಟೀಮ್‌ನಲ್ಲಿ ಬರೆದಿರುತ್ತದೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಸ್ಟೀಮ್ ಅಂದರೆ ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ. 2013ರಿಂದ ಅಲ್ಲಿ ಆಡಿದವರೇ ರಿವ್ಯೂ ಬರೆಯುತ್ತಾರೆ. ಐದರಲ್ಲಿ ಎಷ್ಟು ಸ್ಟಾರ್ ಎಂಬ ತಲೆನೋವಿಲ್ಲ. ಹೆಬ್ಬೆರಳು ಮೇಲೆ, ಇಲ್ಲವೇ ಹೆಬ್ಬೆರಳು ಕೆಳಗೆ. "ಪರವಾಗಿಲ್ಲ" ಎನ್ನುವ ನಮ್ಮ ಮಹಾನ್ ಪದಕ್ಕೆ ಅಲ್ಲಿ ಬೆರಳೇ ಇಲ್ಲ. ಆಮೇಲೆ ನೀವು ಏನೇ ಬರೆಯಿರಿ, ಅದರ ಪಕ್ಕದಲ್ಲೇ ನೀವು ಆ ಗೇಮನ್ನು ಎಷ್ಟು ಗಂಟೆ ಆಡಿದ್ದೀರಿ ಅಂತ ಅಂಗಡಿಯವನೇ ಅಚ್ಚು ಹಾಕುತ್ತಾನೆ. ಬಾಯಿ ಒಂದು ಹೇಳುತ್ತಿರುತ್ತದೆ, ಲೆಕ್ಕ ಇನ್ನೊಂದು ಹೇಳುತ್ತಿರುತ್ತದೆ.

ಈ ಜಗಳ ನೋಡಬೇಕೆಂದರೆ ಯುದ್ಧ, ಬಂದೂಕಿನ ಗೇಮ್‌ಗಳ ಕಡೆ ಹೋಗಬೇಡಿ. ಬಿಜ್ಯುವೆಲ್ಡ್ 3ರಂಥ ಪಾಪದ ಗೇಮ್‌ನ ಹತ್ತಿರ ಹೋಗಿ. ಪಾಪ್‌ಕ್ಯಾಪ್ ಕಂಪನಿಯವರು 2010ರಲ್ಲಿ ಬಿಟ್ಟಿದ್ದು. ಎಂಟು ಸಾಲು, ಎಂಟು ಕಂಬ, ಒಟ್ಟು 64 ಹರಳು. ಕೆಂಪು, ಬಿಳಿ, ಹಸಿರು, ಹಳದಿ, ನೇರಳೆ, ಕಿತ್ತಳೆ, ನೀಲಿ, ಹೀಗೆ ಏಳು ಥರ. ಅಕ್ಕಪಕ್ಕದ ಎರಡನ್ನು ಅದಲು ಬದಲು ಮಾಡಬೇಕು. ಒಂದೇ ಥರದ ಮೂರು ಸಾಲಾಗಿ ಬಂದರೆ ಮಾಯ. ಮೇಲಿನವು ಕೆಳಗೆ ಬೀಳುತ್ತವೆ. ಆಗಾಗ ಗಡಸು ದನಿಯವನೊಬ್ಬ "ಎಕ್ಸಲೆಂಟ್" ಅಂತಾನೆ. ನಮ್ಮ ಜೀವನದಲ್ಲಿ ಇನ್ಯಾರೂ ಅಷ್ಟು ಸಲೀಸಾಗಿ ಹಾಗೆ ಅಂದಿಲ್ಲ ಎನ್ನುವುದು ಬೇರೆ ಮಾತು. ಅಷ್ಟೇ ಆಟ. ಬೇಳೆಯಲ್ಲಿ ಕಲ್ಲು ಆರಿಸುವುದಕ್ಕಿಂತ ಒಂದು ಗುಂಜಿ ಕಷ್ಟ.

ಇದರ ಬಗ್ಗೆ ಅಭಿಪ್ರಾಯ ಏನಿರಲು ಸಾಧ್ಯ? ಎಲ್ಲಾ ಇದೆ.

ಒಬ್ಬರು 1,140 ಗಂಟೆ ಆಡಿದ್ದಾರೆ ಅಂತಿಟ್ಟುಕೊಳ್ಳಿ. ದಿನಕ್ಕೆ ಎಂಟು ಗಂಟೆ, ವಾರಕ್ಕೆ ಐದು ದಿನ ಲೆಕ್ಕ ಹಾಕಿದರೆ ಆರು ತಿಂಗಳಿಗೂ ಜಾಸ್ತಿ ಕಚೇರಿಗೆ ಹೋಗಿ ಬಂದಂತೆ. ಅಷ್ಟು ದಿನಕ್ಕೆ ಎಷ್ಟೋ ಕಡೆ ಪ್ರೊಬೇಷನ್ ಮುಗಿಸಿ ಕೆಲಸ ಕಾಯಂ ಮಾಡುತ್ತಾರೆ. ಇವರು ಹೆಬ್ಬೆರಳು ಕೆಳಗೆ ಮಾಡಿ ಬರೆಯುತ್ತಾರೆ: ಬೋರು, ಒಂದೇ ಥರ ಇದೆ, ಸಮಯ ಹಾಳು. ಸ್ವಾಮಿ, ಒಂದೇ ಥರ ಇದೆ ಅಂತ ತಿಳಿಯಲು ಮೊದಲ ಐದು ನಿಮಿಷ ಸಾಕಿತ್ತು. ಉಳಿದ 1,139 ಗಂಟೆ 55 ನಿಮಿಷ ಏನು, ಮರುಪರಿಶೀಲನೆಯೇ?

ಕೇಳಿದರೆ ಒಂದು ಉತ್ತರ ಸಿದ್ಧವಿರುತ್ತದೆ. ಜಗತ್ತಿನ ಯಾವ ಮೂಲೆಯವರನ್ನೇ ಕೇಳಿ, ಇದೇ ಉತ್ತರ. "ನಾನು ಅಷ್ಟು ಆಡಿಲ್ಲ ಮಾರಾಯ್ರೆ, ಗೇಮ್ ತೆರೆದಿಟ್ಟು ಎದ್ದು ಹೋಗಿರ್ತೀನಿ, ಅದು ಸುಮ್ನೆ ಓಡ್ತಾ ಇರುತ್ತೆ." ಹಿಂದಿನ ಕಾಲದಲ್ಲಿ ನಲ್ಲಿ ಬಿಟ್ಟು ಮರೆತವರನ್ನು ಮನೆಯಲ್ಲಿ ಬೈಯುತ್ತಿದ್ದರು.

ಬೇಸರವಾದವರು ದುಡ್ಡು ವಾಪಸ್ ಕೇಳಬಹುದು, ಅದಕ್ಕೂ ದಾರಿ ಇದೆ. ಕೊಂಡು 14 ದಿನದೊಳಗೆ ಕೇಳಬೇಕು, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇರಬೇಕು. ಅರ್ಧ ದೋಸೆ ತಿಂದು ತಟ್ಟೆ ಹಿಂದಕ್ಕೆ ತಳ್ಳಿದರೂ ಬಿಲ್ ಮಾಫಿ ಮಾಡುವ ಹೋಟೆಲ್ ಇದು. ಇಷ್ಟು ಉದಾರ ಮಾಲೀಕನಿಗೂ ಶಾಪ ತಪ್ಪಿಲ್ಲ. ಸಾವಿರ ಗಂಟೆಯವರ ಸಿಟ್ಟು ಏನೆಂದರೆ, ಎರಡು ಗಂಟೆಯೊಳಗೆ ಬೋರು ಅಂತ ಗೊತ್ತಾಗಲಿಲ್ಲವಲ್ಲ ಎಂಬುದು.

ಅದೃಷ್ಟದ ಬಗ್ಗೆ ಇನ್ನೊಂದು ರಗಳೆ. ಮೇಲಿನಿಂದ ಯಾವ ಹರಳು ಬೀಳುತ್ತದೆ ಎನ್ನುವುದು ಆಡುವವರ ಕೈಯಲ್ಲಿಲ್ಲ. ಸರಿಯಾದದ್ದೇ ಬಿದ್ದು ಸರಮಾಲೆಯಾಗಿ ಒಡೆದು ಸ್ಕೋರ್ ಹಾರಿದ ದಿನ ಅದು ಬುದ್ಧಿಶಕ್ತಿ. ಮುಂದೆ ನಡೆಯಲು ದಾರಿಯೇ ಇಲ್ಲದೆ ಆಟ ಮುಗಿದ ದಿನ ಕಂಪ್ಯೂಟರ್ ಬೇಕೂಂತಲೇ ಮಾಡಿದ ಮೋಸ. ನಾವೂ ಶಾಲೆಯಲ್ಲಿ ಹೀಗೇ ಅಲ್ವಾ? ಪಾಸಾದರೆ "ನಾನು ಪಾಸಾದೆ", ಫೇಲಾದರೆ "ಮೇಷ್ಟ್ರು ಫೇಲ್ ಮಾಡಿದ್ರು". ಕಥೆ ಇಲ್ಲ ಅಂತ ದೂರುವವರೂ ಇದ್ದಾರೆ. ನೇರಳೆ ಹರಳಿಗೆ ಬಾಲ್ಯದಲ್ಲಿ ಏನೋ ನೋವಾಗಿತ್ತು ಅಂತ ತೋರಿಸಿದ್ದರೆ ಇವರು ಅತ್ತುಬಿಡುತ್ತಿದ್ದರು.

ನನ್ನ ಮೆಚ್ಚಿನ ಜನ ಅಂದರೆ ಜೆನ್ ಮೋಡ್‌ನವರು. ಬಿಜ್ಯುವೆಲ್ಡ್ 3ರಲ್ಲಿ ಆ ಹೆಸರಿನದೇ ಒಂದು ಬಗೆ ಇದೆ. ಅದರಲ್ಲಿ ಸೋಲೇ ಇಲ್ಲ, ಆಟ ಮುಗಿಯುವುದೇ ಇಲ್ಲ. ಬೇಕಾದರೆ ಸಮುದ್ರದ ಸದ್ದು ಹಾಕಿಕೊಳ್ಳಬಹುದು. ಉಸಿರು ಯಾವಾಗ ಎಳೆಯಬೇಕು, ಯಾವಾಗ ಬಿಡಬೇಕು ಎಂದು ಅದೇ ಹೇಳಿಕೊಡುತ್ತದೆ. "ಮಂತ್ರ" ಅಂತಲೇ ಹೆಸರಿಟ್ಟು ಒಳ್ಳೊಳ್ಳೆಯ ಮಾತುಗಳು ಪರದೆ ಮೇಲೆ ತೇಲಿ ಬರುವ ಏರ್ಪಾಡೂ ಇದೆ. ವಿಷಯ ನಾವೇ ಆರಿಸಬಹುದು. ತೂಕ ಇಳಿಸಲು ಒಂದು, ಕೆಟ್ಟ ಚಟ ಬಿಡಲು ಇನ್ನೊಂದು. ರಾತ್ರಿ ಒಂದೂವರೆ ಗಂಟೆಗೆ, ಕುರ್ಚಿಯಲ್ಲಿ ಕೂತು, ಚಕ್ಕುಲಿ ಡಬ್ಬ ಮಡಿಲಲ್ಲಿಟ್ಟುಕೊಂಡು, ಮುಗಿಯದ ಆಟ ಆಡುತ್ತಾ ಚಟ ಬಿಡುವ ಮಂತ್ರ ಓದುವುದಿದೆಯಲ್ಲ, ಯಾವ ಗುರುವೂ ಈ ಅವಸ್ಥೆಗೆ ಹೆಸರಿಟ್ಟಿಲ್ಲ. ಇಂಥವರೂ ರಿವ್ಯೂ ಬರೆದಾರು: ಮನಸ್ಸಿಗೆ ನೆಮ್ಮದಿ ಸಿಗಲಿಲ್ಲ, ಹೆಬ್ಬೆರಳು ಕೆಳಗೆ.

ನಿಜವಾದ ಭಕ್ತ ಬಾಯಿ ಬಿಡುವುದಿಲ್ಲ. ಇದರ ಹಿಂದಿನ ಬಿಜ್ಯುವೆಲ್ಡ್ 2 ಇದೆಯಲ್ಲ, ಅದನ್ನು ಅಮೆರಿಕದ ಕ್ಯಾಲಿಫೋರ್ನಿಯಾದ ಒಬ್ಬ ಗುತ್ತಿಗೆದಾರರು ಮೂರು ವರ್ಷದಲ್ಲಿ ಸುಮಾರು 2,200 ಗಂಟೆ ಆಡಿದರು. 2009ರಲ್ಲಿ ಅವರ ಸ್ಕೋರ್ 2,147,483,647 ಮುಟ್ಟಿತು. 214 ಕೋಟಿ ಚಿಲ್ಲರೆ. ಆ ಗೇಮ್ ಸ್ಕೋರ್ ಬರೆದಿಡುವ 32 ಬಿಟ್‌ನ ಲೆಕ್ಕದ ಪುಸ್ತಕದಲ್ಲಿ ಅದಕ್ಕಿಂತ ದೊಡ್ಡ ಸಂಖ್ಯೆ ಬರೆಯಲು ಜಾಗವೇ ಇರುವುದಿಲ್ಲ. ಆಟವೇ ಕೈ ಎತ್ತಿತು, ಅವರು ಎತ್ತಲಿಲ್ಲ.

ಇದೆಲ್ಲ ದುಡ್ಡು ಕೊಟ್ಟು ಆಡಿದವರ ಕಥೆ. ಇದೇ ಜಾತಿಯ ಪುಕ್ಕಟೆ ಗೇಮ್ ಕ್ಯಾಂಡಿ ಕ್ರಷ್‌ನ ಮೇಲೆ ಅಭಿಪ್ರಾಯ ಹೇಳಲು ಆಡಿರಲೇಬೇಕು ಅಂತಿಲ್ಲ. 2015ರಲ್ಲಿ ಮೈಕ್ರೋಸಾಫ್ಟ್‌ನ ವಿಂಡೋಸ್ 10 ಬಂದಾಗ ಜೊತೆಗೆ ಅದೂ ಬಂತು. ನೀವು ಕೇಳಿರಲಿಲ್ಲ. ಸ್ಟಾರ್ಟ್ ಒತ್ತಿದರೆ ಅಲ್ಲಿ ಕೂತಿರುತ್ತಿತ್ತು, ಕರೆಯದೆ ಬಂದ ದೂರದ ನೆಂಟನ ಹಾಗೆ, ಚೀಲ ಸಮೇತ. ಜನ ಕೂಗಾಡಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಫೇಸ್‌ಬುಕ್‌ನ ಮಾರ್ಕ್ ಜುಕರ್‌ಬರ್ಗ್ ದೆಹಲಿಯ ಐಐಟಿಗೆ ಬಂದರು. ಜಗತ್ತನ್ನೇ ಬೆಸೆಯಲು ಹೊರಟ ಮನುಷ್ಯನಿಗೆ ನಮ್ಮ ದೇಶ ಕೇಳಿದ ಪ್ರಶ್ನೆಗಳಲ್ಲಿ ಒಂದು ಇದು: ಈ ಕ್ಯಾಂಡಿ ಕ್ರಷ್ ಆಹ್ವಾನಗಳನ್ನು ನಿಲ್ಲಿಸುವುದು ಹೇಗೆ? ಅವರು ಸರಿಮಾಡುತ್ತೇವೆ ಎಂದು ಮಾತು ಕೊಟ್ಟರು. ಇತ್ತ ಮೈಕ್ರೋಸಾಫ್ಟ್ ಏನು ಮಾಡಿತು? 2023ರಲ್ಲಿ ಸುಮಾರು 69 ಬಿಲಿಯನ್ ಡಾಲರ್ ಕೊಟ್ಟು ಆಕ್ಟಿವಿಷನ್ ಬ್ಲಿಝಾರ್ಡ್ ಎಂಬ ಗೇಮ್ ಕಂಪನಿಯನ್ನು ಕೊಂಡಿತು. ಕ್ಯಾಂಡಿ ಕ್ರಷ್ ಮಾಡಿದ ಕಿಂಗ್ ಕಂಪನಿ ಅದರ ಜೊತೆಗೇ ಬಂತು. ಕರೆಯದೆ ಬಂದ ನೆಂಟ ಈಗ ಮನೆ ಅಳಿಯ. ಇನ್ನು ಹೆಬ್ಬೆರಳು ಯಾವ ಕಡೆ ತಿರುಗಿಸಿದರೇನು?

ಇಷ್ಟೆಲ್ಲ ಬರೆದ ಮೇಲೆ ನಾನೂ ಒಂದು ರಿವ್ಯೂ ಹಾಕೋಣ ಅಂತ ಮೊನ್ನೆ ಕೂತೆ. ಬಿಜ್ಯುವೆಲ್ಡ್ 3ಕ್ಕೇ. ಗಂಭೀರವಾಗಿ, ಯಾರಿಗೂ ನೋವಾಗದಂತೆ, ಸಾಧಾರಣ ಆಟ, ಬಿಡುವಿದ್ದಾಗ ಅರ್ಧ ಗಂಟೆ ಆಡಬಹುದು ಎಂದು ಬರೆದೆ. ಹೆಂಡತಿ ಕಾಫಿ ತಂದು ಮೇಜಿನ ಮೇಲಿಟ್ಟಳು. ಬರೆದದ್ದನ್ನು ಓದಲಿಲ್ಲ. ಕಣ್ಣು ನೇರ ಪಕ್ಕದ ಸಂಖ್ಯೆಗೇ ಹೋಯಿತು.

"ರೀ, 612 ಅಂದ್ರೆ ಏನು?"

"ಗಂಟೆ."

"ಯಾವ ಗಂಟೆ?"

"ಅದು ಸರಿಯಾದ ಲೆಕ್ಕ ಅಲ್ಲ ಕಣೇ. ನೀನು ಊಟಕ್ಕೆ ಕರೀತೀಯಲ್ಲ, ಆಗ ಹಾಗೇ ತೆರೆದಿಟ್ಟು ಎದ್ದು ಬಂದಿರ್ತೀನಿ. ಅದು ಸುಮ್ನೆ ಓಡ್ತಾ ಇರುತ್ತೆ."

ಅವಳು ಪರದೆ ನೋಡಿದಳು, ನನ್ನ ಹೊಟ್ಟೆ ನೋಡಿದಳು.

"ಅಂದ್ರೆ 600 ಗಂಟೆ ಊಟ ಮಾಡಿದ್ರಾ?"