ಕಚೇರಿಯಲ್ಲಿ ಒಂದೇ ಬ್ರೌಸರ್: ಬೇಕೆ, ಬೇಡವೆ?

ಪರ
(ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದ ಉಸ್ತುವಾರಿ)

ನಮ್ಮ ಕಾರ್ಖಾನೆಯಲ್ಲಿ ನೂರಿಪ್ಪತ್ತು ಕಂಪ್ಯೂಟರ್‌ಗಳಿವೆ, ನೋಡಿಕೊಳ್ಳುವವರು ನಾವಿಬ್ಬರು. ಯಾರು ಬೇಕಾದರೂ ಯಾವ ಬ್ರೌಸರನ್ನಾದರೂ ಹಾಕಿಕೊಳ್ಳಬಹುದಾಗಿದ್ದ ಕಾಲದಲ್ಲಿ ನಾನೊಂದು ಶನಿವಾರ ಕುಳಿತು ಎಣಿಸಿದಾಗ ನಾಲ್ಕು ಬಗೆಯ ಬ್ರೌಸರ್‌ಗಳು ಹನ್ನೊಂದು ಆವೃತ್ತಿಗಳಲ್ಲಿ ಸಿಕ್ಕಿದ್ದವು, ಅವುಗಳಲ್ಲಿ ಕೆಲವನ್ನು ಎರಡು ವರ್ಷದಿಂದ ಯಾರೂ ಅಪ್‌ಡೇಟ್ ಮಾಡಿರಲಿಲ್ಲ. ಕ್ರೋಮ್ 2021ರಲ್ಲಿ ಹೊಸ ಆವೃತ್ತಿಗಳ ಅಂತರವನ್ನು ಆರು ವಾರದಿಂದ ನಾಲ್ಕು ವಾರಕ್ಕೆ ಇಳಿಸಿತು. ನಡುನಡುವೆ ಬರುವ ತುರ್ತು ತಿದ್ದುಪಡಿಗಳು ಬೇರೆ. ಬ್ರೌಸರ್ ಒಂದೇ ಆದರೆ ಸರ್ವರ್‌ನಲ್ಲಿ ನಿಯಮವನ್ನು ಒಮ್ಮೆ ಬರೆದರೆ ಸಾಕು, ಯಾವ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಇರಬಹುದು, ಪಾಸ್‌ವರ್ಡ್ ಉಳಿಸಬಹುದೆ ಎಂಬುದು ಎಲ್ಲ ಯಂತ್ರಗಳಿಗೂ ಮುಟ್ಟುತ್ತದೆ. ಪೆನ್‌ಡ್ರೈವ್‌ನಲ್ಲಿ ಬಂದ ಐದನೆಯ ಬ್ರೌಸರ್‌ಗೆ ನನ್ನ ನಿಯಮ ಲೆಕ್ಕಕ್ಕೇ ಇಲ್ಲ.

ನನ್ನ ಭಯ ಊಹೆಯದಲ್ಲ. 2022ರಲ್ಲಿ ಸಿಸ್ಕೊ ಕಂಪನಿಯ ಜಾಲಕ್ಕೆ ಕಳ್ಳರು ನುಗ್ಗಿದ್ದು ಒಬ್ಬ ನೌಕರನ ಸ್ವಂತ ಗೂಗಲ್ ಖಾತೆಯ ಮೂಲಕ. ಅವನ ಬ್ರೌಸರ್ ಕಚೇರಿಯ ಪಾಸ್‌ವರ್ಡನ್ನು ಆ ಖಾತೆಗೆ ಸಿಂಕ್ ಮಾಡುತ್ತಿತ್ತು, ಅಂದರೆ ತಾನಾಗಿಯೇ ನಕಲಿಸಿ ಇಡುತ್ತಿತ್ತು. ಮರುವರ್ಷ, ಲಾಗಿನ್ ಭದ್ರತೆಯನ್ನೇ ವ್ಯಾಪಾರ ಮಾಡಿಕೊಂಡಿರುವ ಓಕ್ಟಾ ಕಂಪನಿಯಲ್ಲೂ ಕಚೇರಿಯ ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ನೌಕರರೊಬ್ಬರು ಸ್ವಂತ ಖಾತೆಗೆ ಲಾಗಿನ್ ಆಗಿದ್ದೇ ತನಿಖೆಯಲ್ಲಿ ಎದ್ದು ಕಂಡಿತು. ನಮ್ಮಲ್ಲೂ ಉಗ್ರಾಣದ ಹಿರಿಯರೊಬ್ಬರು ಒಮ್ಮೆ ಬೆಳಿಗ್ಗೆ ಗಾಬರಿಯಿಂದ ಬಂದರು. ಹಿಂದಿನ ರಾತ್ರಿ ಮನೆಯಲ್ಲಿ ಮಗ ಶಾಲೆಯ ಕೆಲಸಕ್ಕೆಂದು ಕಂಪ್ಯೂಟರ್ ತೆರೆದಿದ್ದಾನೆ, ನಮ್ಮ ಖರೀದಿ ಪೋರ್ಟಲಿನ ಲಾಗಿನ್ ಪುಟದಲ್ಲಿ ಅಪ್ಪನ ಹೆಸರೂ ಕೆಳಗೆ ಎಂಟು ಕಪ್ಪು ಚುಕ್ಕಿಗಳೂ ತಾವಾಗಿಯೇ ಬಂದು ಕುಳಿತಿವೆ. ಹುಡುಗ ಒಳ್ಳೆಯವನು, ಅಪ್ಪನನ್ನು ಕರೆದು ತೋರಿಸಿದ. ಎಲ್ಲರ ಮನೆಯಲ್ಲೂ ಅಂಥ ಹುಡುಗನೇ ಇರುತ್ತಾನೆಂದು ನಂಬಿ ಕಂಪನಿ ನಡೆಸಲಾಗದು.

ಸ್ವಾತಂತ್ರ್ಯ, ಅನುಕೂಲ ಎಂದು ವಾದಿಸುವವರು ಬಹುಪಾಲು ಕ್ರಿಕೆಟ್ ಸ್ಕೋರ್ ನೋಡಲು ಎರಡನೆಯ ಕಿಟಕಿ ಬೇಕೆನ್ನುವವರು. ಅವರಿಗೆ ಮೊಬೈಲ್ ಇದೆ.

ವಿರೋಧ
(ತುಮಕೂರಿನ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದ ನೌಕರ)

ವಿರೋಧದ ಪಾಲು ನನಗೆ ಬಂದಿದೆ. ನಿಯಮವೇ ಬೇಡವೆನ್ನುವ ಹುಮ್ಮಸ್ಸು ನನಗಿಲ್ಲ, ಭದ್ರತೆಯ ಶಾಸ್ತ್ರವನ್ನೂ ಬಲ್ಲವನಲ್ಲ. ಆ ಮಾತನ್ನು ಬಲ್ಲವರಿಗೇ ಬಿಡುತ್ತೇನೆ. ಒಂದನ್ನೇ ನಂಬಿದವರ ಪಾಡು ಮಾತ್ರ ನಮ್ಮ ಕಣ್ಣೆದುರಿಗಿದೆ. ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗಾಗಿಯೇ ತಂತ್ರಾಂಶ ಬರೆಸಿಕೊಂಡಿದ್ದ ಕಚೇರಿಗಳಿಗಾಗಿ, 2022ರ ಜೂನ್‌ನಲ್ಲಿ ಅದನ್ನು ನಿಲ್ಲಿಸಿದ ಮೇಲೂ, ಮೈಕ್ರೋಸಾಫ್ಟ್ ತನ್ನ ಹೊಸ ಎಡ್ಜ್ ಬ್ರೌಸರ್‌ನೊಳಗೆ ಅದರ ಪ್ರೇತವನ್ನು ಉಳಿಸಿಕೊಳ್ಳಬೇಕಾಯಿತು.

ಉಳಿದದ್ದು ನನ್ನದೇ ಕಥೆ. ತಿಂಗಳ 20ನೇ ತಾರೀಖು, ಜಿಎಸ್‌ಟಿಯ ತಿಂಗಳ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಸಲ್ಲಿಸಲು ಕಡೆಯ ದಿನ. ತಡವಾದರೆ ದಿನಕ್ಕೆ 50 ರೂಪಾಯಿ ಶುಲ್ಕ, ಕಟ್ಟಬೇಕಾದ ತೆರಿಗೆಯ ಮೇಲೆ ವರ್ಷಕ್ಕೆ ಶೇಕಡಾ 18ರ ಬಡ್ಡಿ. ಎಲ್ಲ ತುಂಬಿ ಸಹಿಯ ಗುಂಡಿ ಒತ್ತಿದರೆ, ನಮಗೆ ಅನುಮತಿಯಿದ್ದ ಏಕೈಕ ಬ್ರೌಸರ್‌ನಲ್ಲಿ ಡಿಜಿಟಲ್ ಸಹಿಯ ಪೆಟ್ಟಿಗೆ ತೆರೆಯಲೇ ಇಲ್ಲ. ಹಿಂದಿನ ದಿನವಷ್ಟೇ ಅದು ಅಪ್‌ಡೇಟ್ ಆಗಿತ್ತು. ಇನ್ನೊಂದು ಬ್ರೌಸರ್‌ಗೆ ಅನುಮತಿ ಕೇಳಿ ಬೆಂಗಳೂರಿನ ಮುಖ್ಯ ಕಚೇರಿಗೆ ಹನ್ನೊಂದು ಗಂಟೆಗೆ ದೂರು ಬರೆದೆ. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ನಾಲ್ಕೂವರೆಗೆ ಬಂತು. ಮ್ಯಾನೇಜರ್ ಸಾಹೇಬರು ನನ್ನ ಮುಖ ನೋಡಿದರು, ನಾನು ಗಡಿಯಾರ ನೋಡಿದೆ. ಕಡೆಗೆ ಅವರ ಒಪ್ಪಿಗೆಯ ಮೇಲೆಯೇ ನಿರ್ದೇಶಕರ ಡಿಜಿಟಲ್ ಸಹಿಯಿರುವ, ಪೆನ್‌ಡ್ರೈವ್‌ನಂಥ ಟೋಕನನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಅದರ ಪಿನ್ ಸಂಖ್ಯೆಯನ್ನು ಅಂಗೈಯಲ್ಲಿ ಬರೆದುಕೊಂಡು, ಬಿ.ಎಚ್. ರಸ್ತೆಯ ಸೈಬರ್ ಸೆಂಟರಿಗೆ ನಡೆದೆ.

ಅಲ್ಲಿನ ಯಾವುದೋ ಹಳೆಯ ಕಂಪ್ಯೂಟರಿನಲ್ಲಿ ಎರಡೇ ನಿಮಿಷಕ್ಕೆ ರಿಟರ್ನ್ ಹೋಯಿತು. ಪಕ್ಕದಲ್ಲಿ ನಿಂತಿದ್ದ ಹುಡುಗ ಪರದೆಯತ್ತ ಬಗ್ಗಿ ಕೇಳಿದ: “ಅಂಕಲ್, ಪಾಸ್‌ವರ್ಡ್ ಸೇವ್ ಮಾಡ್ಲಾ? ಮುಂದಿನ ತಿಂಗಳೂ ಬರ್ತೀರಲ್ಲ.”